ಮ್ಯಾಪಿನಲ್ಲಿ ಇಲ್ಲದ ಊರು

"ನಿಲ್ಲು, ನಿಲ್ಸು! ಇದು ನಮ್ಮ ಹಳ್ಳ ಅಲ್ವೇನೇ?" ಅಜ್ಜಿ ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿದರು.

ಚೂಟಿ ಮೌಸ್ ಬಿಟ್ಟಳು. ಅವಳಮ್ಮನಿಗೆ ಕಾಡಿನ ಪಾರ್ಕ್ ಆಫೀಸಿನಲ್ಲಿ ಮ್ಯಾಪ್ ಮಾಡುವ ಕೆಲಸ. ಸ್ಕ್ರೀನಿನ ತುಂಬ ಚುಕ್ಕೆಗಳು. ದೊಡ್ಡ ಮರಕ್ಕೆ ಹಸಿರು, ಕೆರೆಗೆ ನೀಲಿ, ಹಳೇ ಬಾವಿ, ಮುರುಕು ಗೋಡೆಗಳಿಗೆ ಕಂದು. ಹಳ್ಳದ ಪಕ್ಕ ಒಂದು ಕೆಂಪು ಗೆರೆ.

"ಅದು ಹೊಸ ಜೀಪ್ ರಸ್ತೆ ಅತ್ತೆ," ಅಂದರು ಅಮ್ಮ.

"ಅಯ್ಯೋ, ಅದು ನಮ್ಮೂರ ಮಸಣ ಕಣೇ! ಪಾರ್ಕ್ ಮಾಡ್ತೀವಿ ಅಂತ ಊರನ್ನೇ ಎಬ್ಬಿಸಿದ್ರಲ್ಲ. ನನ್ನ ಹಿರೀಮಗ ಅಲ್ಲೇ ಮಲಗಿದಾನೆ."

ಜ್ವರ ಬಂದು ತೀರಿಹೋದ ದೊಡ್ಡಪ್ಪ. ದೊಡ್ಡಪ್ಪ ಅಂತ ಹೆಸರಿಗಷ್ಟೇ. ಹೋದಾಗ ಅವನು ಚೂಟಿಗಿಂತ ಚಿಕ್ಕವನು.

ಅಮ್ಮ ಗಡಬಡಿಸಿ ಆಫೀಸಿನ ಸಾಹೇಬರಿಗೆ ಫೋನ್ ಮಾಡಿದರು. "ಅಲ್ಲಿ ಏನೂ ಇಲ್ಲ ಅಂತ ಮ್ಯಾಪ್ ಕೊಟ್ಟಿದ್ದು ನೀವೇ ಅಲ್ವಾ? ಬೆಳಗ್ಗೇನೇ ಬುಲ್ಡೋಜರ್ ಹೋಯ್ತಲ್ಲ!" ಅಂದಿತು ಆ ಕಡೆಯ ದನಿ.

ಮೂವರೂ ಜೀಪಿನಲ್ಲಿ ಹೋಗುವಷ್ಟರಲ್ಲಿ ಅರ್ಧ ಮಸಣ ಉತ್ತ ಹೊಲದಂತಾಗಿತ್ತು. ಗುರುತಿಗೆ ನೆಟ್ಟಿದ್ದ ಕಲ್ಲುಗಳು ಮಣ್ಣಿನೊಳಗೆ ಎಲ್ಲೆಂದರಲ್ಲಿ ಬಿದ್ದಿದ್ದವು. ಅಮ್ಮ ಕೈ ಬೀಸಿದ್ದೇ ಬುಲ್ಡೋಜರಿನ ಡ್ರೈವರ್ ಇಂಜಿನ್ ಆರಿಸಿ ಕೆಳಗಿಳಿದ.

"ನಂಗ್ಯಾರೂ ಹೇಳ್ಲಿಲ್ಲ ಅಮ್ಮಾ," ಅಂದ, ತಲೆ ತಗ್ಗಿಸಿ.

ಉಳಿದ ಒಂದೊಂದು ಕಲ್ಲಿನ ಹತ್ತಿರವೂ ನಿಂತು ಅಮ್ಮ ಜಿಪಿಎಸ್ ಯಂತ್ರದ ಬಟನ್ ಒತ್ತಿದರು. ಹಾಗೆ ಒತ್ತಿದರೆ ಆ ಜಾಗ ಮ್ಯಾಪಿಗೆ ಸೇರುತ್ತದೆ.

ಚೂಟಿ ಆ ಯಂತ್ರವನ್ನು ಇಸಿದುಕೊಂಡು ಅಜ್ಜಿಯ ಹತ್ತಿರ ಓಡಿದಳು. "ದೊಡ್ಡಪ್ಪ ಎಲ್ಲಿ ಅಜ್ಜಿ? ನಾನು ಒತ್ತುತ್ತೀನಿ."

ಅಗೆದ ಮಣ್ಣಿನಲ್ಲಿ ಎಡವುತ್ತಾ ಅಜ್ಜಿ ಅತ್ತ ಹೋದರು, ಇತ್ತ ಬಂದರು. ಕೊನೆಗೆ ಕುಸಿದು ಕೂತರು.

"ಗೊತ್ತಾಗ್ತಿಲ್ಲ ಮಗಳೇ. ದಿಕ್ಕೇ ತಪ್ಪಿಹೋಯ್ತು."

ಚೂಟಿಯ ಬೆರಳು ಬಟನ್ ಮೇಲೇ ಉಳಿಯಿತು.

ಮಾರನೇ ದಿನ ಸಾಹೇಬರು ರಸ್ತೆಯನ್ನು ಬೇರೆ ಕಡೆ ತಿರುಗಿಸಲು ಒಪ್ಪಿದರು. ಬುಲ್ಡೋಜರ್ ಅಗೆದು ಹಾಕಿದ್ದ ಅರ್ಧವನ್ನೂ ಸೇರಿಸಿ ಅಮ್ಮ ಮ್ಯಾಪಿನಲ್ಲಿ ಇಡೀ ಮಸಣಕ್ಕೆ ಕಂದು ಬಣ್ಣ ತುಂಬಿದರು.

"ಮೊದ್ಲೇ ನಿಮ್ಮನ್ನ ಒಂದ್ಮಾತು ಕೇಳ್ಬೇಕಿತ್ತು ಅತ್ತೆ."



ಚೂಟಿ ಮೌಸ್ ಹಿಡಿದು ಮ್ಯಾಪನ್ನು ನಿಧಾನವಾಗಿ ಸರಿಸಿದಳು. ಹಳ್ಳದ ಆಚೆ ಯಾವ ಚುಕ್ಕೆಯೂ ಇಲ್ಲದ ದೊಡ್ಡ ಬಯಲು ಬಂತು. ನಿನ್ನೆಯಾಗಿದ್ದರೆ ಅದನ್ನು ಹಾಗೇ ದಾಟಿ ಹೋಗುತ್ತಿದ್ದಳು.

"ಅಜ್ಜಿ," ಅಂದಳು ಮೆಲ್ಲಗೆ, "ಇಲ್ಲಿ ಯಾರಿದ್ರು?"

ಅಜ್ಜಿ ಕಣ್ಣೊರೆಸಿಕೊಂಡು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.