ಹಸಿಂತಾ ಹಾಡಿದ ವಿದಾಯದ ನುಡಿ

ಬಹಳ ಬಹಳ ಹಿಂದೆ, ಏಳು ಸಮುದ್ರದಾಚೆ, ಈಗ ಮೆಕ್ಸಿಕೊ ಅನ್ನುತ್ತಾರಲ್ಲ, ಆ ದಿಕ್ಕಿನಲ್ಲಿ ಒಂದು ರಾಜ್ಯವಿತ್ತು. ಅಲ್ಲಿಯವರಿಗೆ ಮೂರು ಹೊತ್ತೂ ಮೆಕ್ಕೆಜೋಳದ ರೊಟ್ಟಿ, ಮಿಕ್ಕ ಹೊತ್ತೆಲ್ಲ ಹಾಡು. ಕಾಡಿನ ಮೂಲಜನರ ಹೆಜ್ಜೆ, ಹಡಗು ಹತ್ತಿ ಬಂದವರ ತಂತಿ, ಸರಪಳಿ ಹಾಕಿಸಿಕೊಂಡು ಬಂದ ಗುಲಾಮರ ತಾಳ, ಮೂರೂ ಕೂಡಿ ಆದ ಹಾಡು ಅದು. ಹಿಂದೊಬ್ಬ ರಾಜ ಯಾರೂ ಡೋಲು ಬಾರಿಸಕೂಡದೆಂದು ಸಾರಿಸಿದ್ದನಂತೆ, ಅದೂ ಡೋಲು ಬಾರಿಸಿಯೇ! ಜನ ಏನು ಮಾಡಿದರು? ನೆಲದ ಮೇಲೆ ಮರದ ಹಲಗೆ ಹಾಸಿ, ಅದರ ಮೇಲೆ ಕುಣಿದು, ಕಾಲನ್ನೇ ಡೋಲು ಮಾಡಿಕೊಂಡರು. ಅಂಥವರನ್ನು ನೆನೆದರೆ ನನಗೆ ಕೈಮುಗಿಯೋಣ ಅನ್ನಿಸುತ್ತದೆ.

ನಡೆದದ್ದನ್ನು ನಡೆದ ಹಾಗೆ ಹೇಳುವ ಹಾಡಿಗೆ ಅಲ್ಲಿ ಕೊರಿಡೊ ಎಂದು ಹೆಸರು. ಯಾವ ಊರು, ಯಾವ ದಿನ, ಯಾರು ಏನು ಮಾಡಿದರು, ಎಲ್ಲವೂ ಅದರಲ್ಲಿ ಬರಬೇಕು. ಕೊನೆಗೆ ಹಾಡುಗಾರ ಜನರಿಗೆ ವಿದಾಯದ ನುಡಿ ಹೇಳಲೇಬೇಕು. ಅದಿಲ್ಲದೆ ಕತೆ ಮುಗಿದಂತಲ್ಲ.

ಆ ರಾಜ್ಯದಲ್ಲಿ ಎಲಿಹಿಯೊ ಎಂಬ ಕೊರಿಡೊ ಹಾಡುಗಾರನಿದ್ದ. ಅವನ ತಂಗಿ ಹಸಿಂತಾ. ಅವಳ ಗಂಟಲು ಒಡಕು, ಕಾಲು ಮಾತ್ರ ಬಂಗಾರ. ಅವಳು ಹಲಗೆ ಹತ್ತಿದರೆ ಮುದುಕರೂ ಕೂತಲ್ಲೇ ಕಾಲಾಡಿಸುತ್ತಿದ್ದರು.

ಅದೇ ಕಾಲಕ್ಕೆ ತೆನೆಬ್ರೊ ಎಂಬ ಮಂತ್ರವಾದಿ ಹಕ್ಕಿಗಳನ್ನೂ ಕುರುಬರನ್ನೂ ಕಲ್ಲು ಮಾಡುತ್ತ ತಿರುಗುತ್ತಿದ್ದ. ಎಲ್ಲರೂ ಹೆದರಿ ಸುಮ್ಮನಿದ್ದರು. ಎಲಿಹಿಯೊ ಸುಮ್ಮನಿರಲಿಲ್ಲ. ಅವನು ತೆನೆಬ್ರೊನ ಮೇಲೆಯೇ ಕೊರಿಡೊ ಕಟ್ಟಿ, ನಡುಸಂತೆಯಲ್ಲಿ ನಿಂತು ಹಾಡಿದ. ಇನ್ನೇನು ವಿದಾಯದ ನುಡಿ ಬರಬೇಕು, ಅಷ್ಟರಲ್ಲಿ ತೆನೆಬ್ರೊ ಸುಂಟರಗಾಳಿಯಾಗಿ ಬಂದು ಬೂದಿ ಎರಚಿದ. ರಾಜ್ಯದ ತಂತಿಗಳೆಲ್ಲ ಮೂಕವಾದವು. ಎಲಿಹಿಯೊನ ಮಾತು ನಿಂತಿತು, ಕಾಲು ಕಲ್ಲಾಯಿತು.

"ಮೂರನೆಯ ದಿನ ಸೂರ್ಯ ನೆತ್ತಿಗೆ ಬಂದಾಗ ಇವನ ಎದೆಯೂ ಕಲ್ಲಾಗುತ್ತೆ," ಎಂದು ಹೇಳಿ ಮಂತ್ರವಾದಿ ಅವನನ್ನು ತನ್ನ ಕೋಟೆಗೆ ಹೊತ್ತುಕೊಂಡು ಹೋದ.

ರಾಜ ಗಡ್ಡ ನೀವಿಕೊಂಡು ಕೂತ. ರಾಜರಿಗೆ ಅದು ಚೆನ್ನಾಗಿ ಬರುತ್ತದೆ. ಹಸಿಂತಾ ತನ್ನ ಹಲಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ತಾಯಿ ರೊಟ್ಟಿ ಕಟ್ಟಿಕೊಟ್ಟು, "ಮಗಳೇ, ಅಣ್ಣನ ಎದುರು ವಿದಾಯದ ನುಡಿ ಮಾತ್ರ ಹಾಡಬೇಡ. ಹಾಡಿದರೆ ಅವನು ನಮ್ಮನ್ನ ಬಿಟ್ಟು ಹೋಗೇಬಿಡ್ತಾನೆ," ಎಂದಳು. ಊರವರೂ ಹೌದೌದು ಎಂದರು.

ಮೊದಲನೆಯ ದಿನ ಚಿರತೆಯೊಂದು ದಾರಿಗೆ ಅಡ್ಡ ಮಲಗಿತ್ತು. "ನನ್ನ ಪದ್ಯಕ್ಕೆ ಪದ್ಯ ಕಟ್ಟು. ನಾನು ಬಿಟ್ಟ ಮಾತಿನಿಂದಲೇ ನೀನು ಹಿಡೀಬೇಕು, ನಮ್ಮ ಕಡೆಯ ಪದ್ಧತಿ ಗೊತ್ತಲ್ಲ?" ಎಂದು ಅದು ಹೇಳಿತು.

"ನನ್ನ ಮೈಯ ಚುಕ್ಕಿಗಳ ಎಣಿಸಿದವರೇ ಇಲ್ಲ,
ಎಣಿಸಲೆಂದು ಬಂದವರು ಮನೆಗೆ ಹೋಗಲಿಲ್ಲ."

ಹಸಿಂತಾ ತಡಮಾಡಲಿಲ್ಲ.

"ಮನೆಗೆ ಹೋಗಲಿಲ್ಲ ಅಣ್ಣ, ಅಮ್ಮ ಉಣ್ಣಲಿಲ್ಲ,
ಚುಕ್ಕಿ ಎಣಿಸೋ ಪುರುಸೊತ್ತು ನನಗೆ ಮೊದಲೇ ಇಲ್ಲ."

ಚಿರತೆ ಮೀಸೆಯಲ್ಲೇ ನಕ್ಕು ದಾರಿ ಬಿಟ್ಟಿತು.

ಎರಡನೆಯ ದಿನ ಕಮರಿಯ ಮೇಲೊಂದು ಮರದ ಸೇತುವೆ ಸಿಕ್ಕಿತು, ಅದಕ್ಕೆ ಬೆಂಕಿಕೊಂಬಿನ ಗೂಳಿ ಕಾವಲು. "ಎರಡೆಣಿಕೆಯಲ್ಲಿ ನಡೆದವರೂ ಬಿದ್ದರು, ಮೂರೆಣಿಕೆಯಲ್ಲಿ ನಡೆದವರೂ ಬಿದ್ದರು," ಎಂದಿತು ಗೂಳಿ. ಹಸಿಂತಾಳ ಊರಿನ ಹಾಡಿನಲ್ಲಿ ಎರಡೂ ಮೂರೂ ಒಟ್ಟಿಗೇ ಓಡುತ್ತವೆ. ಅವಳು ಹಿಮ್ಮಡಿಯಲ್ಲಿ ಎರಡು, ತುದಿಗಾಲಲ್ಲಿ ಮೂರು ಎಣಿಸುತ್ತ ಟಕಟಕನೆ ದಾಟಿದಳು. ಗೂಳಿ ತಾಳ ಹಿಡಿಯಲು ಹೋಗಿ ತನ್ನ ಕಾಲಿಗೆ ತಾನೇ ತೊಡರಿಕೊಂಡಿತು.

ಮೂರನೆಯ ದಿನ ಕೋಟೆ ಸೇರಿದಾಗ ಸೂರ್ಯ ನೆತ್ತಿಗೆ ಹತ್ತಿರ ಬಂದಿದ್ದ. ಅಂಗಳದಲ್ಲಿ ಎಲಿಹಿಯೊ ನಿಂತಿದ್ದ. ಹೊಟ್ಟೆಯವರೆಗೂ ಕಲ್ಲು. ಕಣ್ಣು ಮಾತ್ರ ತಂಗಿಯನ್ನೇ ನೋಡುತ್ತಿತ್ತು. ಹಸಿಂತಾಳಿಗೆ ಅಳು ತಡೆಯಲಾಗಲಿಲ್ಲ.

"ಅಳಬೇಡಮ್ಮಾ," ಎಂದು ತೆನೆಬ್ರೊ ಬೆಣ್ಣೆ ಹಚ್ಚಿದ. "ನಿಮ್ಮಮ್ಮ ಹೇಳಿದ್ದು ಸರಿ. ವಿದಾಯ ಹಾಡಬೇಡ. ಅಣ್ಣ ಕಲ್ಲಾಗಿಯಾದರೂ ನಿಮ್ಮ ಕಣ್ಣೆದುರಿಗೆ ಇರ್ತಾನೆ. ಮನೆಗೆ ತಗೊಂಡು ಹೋಗು, ನಾನೇ ಗಾಡಿ ಕಟ್ಟಿಸ್ತೀನಿ."

ಹಸಿಂತಾ ಇನ್ನೇನು ಹೂಂ ಅನ್ನುವುದರಲ್ಲಿದ್ದಳು. ಪಾಪ, ಮೂರು ದಿನದ ದಣಿವು. ಆಗ ಮಂತ್ರವಾದಿಯ ಕೈ ಗಡಗಡ ನಡುಗುತ್ತಿದ್ದುದು ಕಣ್ಣಿಗೆ ಬಿತ್ತು. ಇವನಿಗೇಕೆ ನಡುಕ?

ಅವಳು ಕಣ್ಣೊರೆಸಿಕೊಂಡಳು. "ಹಾಡಿದೋನು ನಮ್ಮಣ್ಣ. ಆದರೆ ಹಾಡಿನೊಳಗಿರೋ ಕತೆ ನಿನ್ನದು. ಅದು ಮುಗಿದರೆ ಮುಗಿಯೋನೂ ನೀನೇ. ಹಾಡುಗಾರ ವಿದಾಯ ಹೇಳಿ ಸಾಯಲ್ಲ, ತನ್ನ ಕಾಲಮೇಲೆ ತಾನು ಮುಂದಿನ ಊರಿಗೆ ನಡೀತಾನೆ. ಅಯ್ಯೋ, ಇಷ್ಟು ತಿಳೀಲಿಲ್ಲವಲ್ಲ ನಮಗೆ!"

"ತಂತಿಯಿಲ್ಲ, ಡೋಲಿಲ್ಲ, ನಿನಗೆ ಗಂಟಲೂ ಇಲ್ಲ. ಹ್ಯಾಗೆ ಹಾಡ್ತೀಯ?" ಎಂದು ತೆನೆಬ್ರೊ ಕಿರುಚಿದ.

ಹಸಿಂತಾ ಬೆನ್ನಿನ ಹಲಗೆಯನ್ನು ಬಿಚ್ಚಿ ನೆಲಕ್ಕೆ ಹಾಕಿದಳು. ಹತ್ತಿ ನಿಂತು, ಕಾಲಲ್ಲಿ ತಾಳ ಬಾರಿಸುತ್ತ, ಒಡಕು ದನಿಯಲ್ಲೇ ಎತ್ತಿಕೊಂಡಳು.

"ಕಲ್ಲು ಮಾಡಿದ ತೆನೆಬ್ರೊ ಕತೆ ಇಲ್ಲಿಗೆ ಮುಗೀತಣ್ಣ,
ಕಟ್ಟಿದೋನು ಎಲಿಹಿಯೊ, ಮುಗಿಸಿದೋಳು ಹಸಿಂತಾ.
ಕೂತು ಕೇಳಿದ ಜನರೇ, ನಿಮ್ಮ ಅಪ್ಪಣೆ ಕೊಡಿರಣ್ಣ,
ಊರು ಇನ್ನೂ ಬಾಳಾ ಉಂಟು, ಹೋಗಿಬರ್ತೀವಂತ."

ಕೊನೆಯ ಹೆಜ್ಜೆ ಬಿದ್ದದ್ದೇ ತಡ, ತೆನೆಬ್ರೊ ಒಂದು ಹಿಡಿ ಬೂದಿಯಾದ. ಹಕ್ಕಿಗಳು ಹಾರಿದವು, ಕುರುಬರು ಎದ್ದರು, ರಾಜ್ಯದ ತಂತಿಗಳೆಲ್ಲ ಒಮ್ಮೆಗೇ ಮಿಡಿದವು. ಎಲಿಹಿಯೊ ಒಂದು ಕಾಲು ಎತ್ತಿದ, ಆಮೇಲೆ ಇನ್ನೊಂದು.

"ಎರಡನೇ ಸಾಲಲ್ಲಿ ಶ್ರುತಿ ತಪ್ಪಿತು ಕಣೇ," ಎಂದ.

"ಕಲ್ಲಾಗಿದ್ದಾಗಲೇ ಚೆನ್ನಾಗಿದ್ದೆ ನೀನು," ಎಂದು ಹಸಿಂತಾ ಅವನನ್ನು ತಬ್ಬಿಕೊಂಡು ಅತ್ತಳು.

ಮನೆಯಲ್ಲಿ ಎಂಟು ದಿನ ಹಬ್ಬ ನಡೆಯಿತು. ಒಂಬತ್ತನೆಯ ದಿನ ಎಲಿಹಿಯೊ ಮುಂದಿನ ಊರಿಗೆ ಹೊರಟು ನಿಂತ. ತಾಯಿ ಅಳಲಿಲ್ಲ. ರೊಟ್ಟಿ ಕಟ್ಟಿಕೊಟ್ಟು, ತಾನೇ ಹಲಗೆಯ ಮೇಲೆ ನಿಂತು, ಹೆಜ್ಜೆ ಹಾಕುತ್ತ ಮಗನಿಗೆ ವಿದಾಯದ ನುಡಿ ಹಾಡಿದಳು.

ಅವರೆಲ್ಲ ಅಲ್ಲಿ ಹಾಡಿಕೊಂಡು ಸುಖವಾಗಿದ್ದಾರೆ. ಈ ಕತೆ ಹೇಳಿದವಳು ನಾನು, ಹಾಲಮ್ಮ. ನನಗೂ ಅಪ್ಪಣೆ ಕೊಡಿ.