ಅಮಾವಾಸ್ಯೆಯ ಸೂಟಿ

"ಏನ್ರೀ, ಆ ಗಾಡಿ ಮೊದಲ ಬಂದ್ ಮಾಡ್ರಿ!"

ವಿಮಾನವನ್ನು ಗಾಡಿ ಎಂದು ಕರೆದ ಮೊದಲ ಹೆಣ್ಣುಮಗಳು ನಮ್ಮ ಸಂಗವ್ವನೇ ಇರಬೇಕು. ಕರೆದದ್ದಷ್ಟೇ ಅಲ್ಲ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮುಂದೆಯೇ ನಿಂತುಬಿಟ್ಟಿದ್ದಳು.

ಅದು ಎಪ್ಪತ್ತೆಂಟನೆಯ ಇಸವಿ, ದಸರೆ ಹತ್ತಿರ ಬಂದಿತ್ತು. ಇಳಕಲ್ಲಿನ ಹೊರಗಿನ ಬಯಲಿನಲ್ಲಿ ನೇಕಾರರು ನಸುಕಿನಲ್ಲಿ ನೂಲು ಬಿಗಿದು ಗಂಜಿ ಹಚ್ಚುತ್ತಿದ್ದರು. ಗಾಳಿ ಎದ್ದರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹಾಗಾಗಿ ಗಾಳಿಯಿಲ್ಲದ ಆ ಹೊತ್ತೇ ಅವರಿಗೆ ಬೇಕು. ಆ ವರ್ಷ ಹುನಗುಂದದ ಎರೆಹೊಲಗಳ ಹತ್ತಿಗೆ ಹುಳ ಬಿತ್ತು. ಮೇಲಿನಿಂದ ಔಷಧ ಹೊಡೆಯಲು ಯಾವುದೋ ಸಣ್ಣ ಕಂಪನಿಯ ವಿಮಾನ ಬಂತು, ಇಳಿಯಲು ಅದೇ ಬಯಲನ್ನು ಹಿಡಿಯಿತು. ಗಾಳಿಯಿದ್ದರೆ ಔಷಧ ಪಕ್ಕದವರ ಹೊಲಕ್ಕೆ ಹೋಗುತ್ತದೆ. ಅದಕ್ಕೂ ನಸುಕೇ ಆಗಬೇಕು!

ಒಂದೇ ಬಯಲು, ಒಂದೇ ಹೊತ್ತು. ಜಗಳವಾಗದೆ ಇನ್ನೇನಾದೀತು?

ವಿಮಾನದ ಪಂಖ ಎಬ್ಬಿಸಿದ ಧೂಳೆಲ್ಲ ಸಂಗವ್ವನ ಹಸಿ ಗಂಜಿಯ ನೂಲಿನ ಮೇಲೆ ಕೂತಿತ್ತು. ಮೂರು ಸೀರೆಯ ನೂಲು. ಸಿಟ್ಟಿನಿಂದ ಅವಳ ಕಣ್ಣಲ್ಲಿ ನೀರೇ ಬಂದಿತ್ತು.

ಯಂತ್ರ ನಿಂತಿತು. ಒಳಗಿನಿಂದ ಇಳಿದವನು ಎತ್ತರದ ಆಳು. ಇವನಿಗೆ ಹಿಂದಿಯಲ್ಲಿ ಬೈಯಬೇಕೋ ಇಂಗ್ಲಿಷಿನಲ್ಲೋ ಎಂದು ಅವಳು ಯೋಚಿಸುತ್ತಿರುವಾಗಲೇ ಅವನು ಅವಳನ್ನು ದಾಟಿ ಹೋಗಿ ನೂಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತ.

"ತಪ್ಪಾತ್ರಿ. ಇದನ್ನ ಹೆಂಗ ಸ್ವಚ್ಛ ಮಾಡೂದು, ತೋರಸ್ರಿ."

ಅಪ್ಪಟ ಬಾಗಲಕೋಟೆಯ ಮಾತು! ಸಂಗವ್ವನ ಸಿಟ್ಟು ಅರ್ಧ ಇಳಿದುಹೋಯಿತು. ಉಳಿದರ್ಧವನ್ನು ಕೈಯಲ್ಲಿದ್ದ ಗಂಜಿ ಹಚ್ಚುವ ಕುಂಚದ ಜೊತೆ ಅವನಿಗೇ ಕೊಟ್ಟಳು.

"ಹಿಡೀರಿ. ಎಳಿ ಹರದ್ರ ನೋಡ್ರಿ ಮತ್ತ…"

ಅವನ ಹೆಸರು ರಾಚಪ್ಪ. ಬಾಗಲಕೋಟೆಯ ವಕೀಲರೊಬ್ಬರ ಮಗ. ನೂಲು ಸ್ವಚ್ಛವಾಗುವಷ್ಟರಲ್ಲಿ ಗಾಳಿ ಎದ್ದು ಅವತ್ತಿನ ಹಾರಾಟವೇ ರದ್ದಾಯಿತು. ಮರುದಿನದಿಂದ ಅವನು ಬಯಲಿನ ಆಚೆ ತುದಿಯಿಂದ ವಿಮಾನ ಎಬ್ಬಿಸತೊಡಗಿದ. ನೇಕಾರರ ಕಡೆ ಒಂದು ಹಿಡಿ ಧೂಳೂ ಬರಲಿಲ್ಲ. ಧೂಳು ಬರಲಿಲ್ಲವೆಂದು ಸಂಗವ್ವನಿಗೆ ಯಾಕೋ ಬೇಜಾರಾಯಿತು!

*

ಆಮೇಲೆ ರಾಚಪ್ಪ ತಪ್ಪೊಪ್ಪಿಗೆಯ ನೆಪದಲ್ಲಿ ಒಂದೆರಡು ಸಲ ಅವರ ಓಣಿಗೆ ಬಂದ. ತಾಯಿ ಇಲ್ಲದ ಮನೆ. ಒಂದು ಮಗ್ಗದಲ್ಲಿ ತಂದೆ ಕಾಶಪ್ಪ, ಇನ್ನೊಂದರಲ್ಲಿ ಮಗಳು. ಆಚೀಚೆಯ ಮನೆಗಳಲ್ಲೂ ಮಗ್ಗಗಳೇ. ಆ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವ ಹಾಗಿಲ್ಲ. ಅವನು ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಲಾಳಿಯ ಜೊತೆ ಓಡಾಡುವ ಅವಳ ಕೈಗಳನ್ನು ನೋಡಿ, ಸುಮ್ಮನೆ ಎದ್ದು ಹೋಗುತ್ತಿದ್ದ.

ಮುಂದಿನ ಸಲ ಬಂದ ದಿನ ಅಮಾವಾಸ್ಯೆ. ಓಣಿಯೆಲ್ಲ ಮೌನವಾಗಿತ್ತು. ಆ ಒಂದು ದಿನ ಅಲ್ಲಿಯ ನೇಕಾರರು ಮಗ್ಗಕ್ಕೆ ಕೈ ಹಚ್ಚುವುದಿಲ್ಲ. ಅವತ್ತು ಮಾತು ಶುರುವಾದದ್ದು ಸಂಜೆಯಾದರೂ ಮುಗಿಯಲಿಲ್ಲ. ಕಾಶಪ್ಪ ಎಲೆ ಅಡಿಕೆ ತರಲು ಪೇಟೆಗೆ ಹೋದಾಗ ರಾಚಪ್ಪ ತನ್ನ ಚಿಂತೆಯೊಂದನ್ನು ಅವಳ ಮುಂದೆ ಇಟ್ಟ.

"ಈ ಕಂಪನ್ಯಾಗ ಪಗಾರ ಕಡಿಮಿ. ಆದ್ರ ತಿಂಗಳದಾಗ ನಾ ಕೇಳಿದ ಒಂದು ದಿನ ಸೂಟಿ ಕೊಡ್ತಾರ. ಈಗ ಇನ್ನೊಂದು ಕಂಪನಿಯವರು ಕರದಾರ. ಅಲ್ಲೆ ಎಕರೆ ಲೆಕ್ಕದಾಗ ರೊಕ್ಕ, ಹೆಚ್ಚು ಕಡಿಮಿ ಎರಡರಷ್ಟು ಆಗ್ತತಿ. ಆದ್ರ ಹಂಗಾಮು ಮುಗಿಯೂತನಕ ಒಂದು ದಿನಾನೂ ಬಿಡೂದಿಲ್ಲ. ಇವತ್ತು ಇಲ್ಲಿ, ನಾಳೆ ಗುಂಟೂರು, ನಾಡದ ನಾಗಪುರ…" ಅವನು ಅವಳ ಕಡೆ ತಿರುಗಿದ. "ನೀವಾದ್ರ ಏನ್ ಮಾಡ್ತಿದ್ರಿ?"

ಸಂಗವ್ವನಿಗೆ ಈ ಲೆಕ್ಕ ಹೊಸದಲ್ಲ. ಇಳಕಲ್ಲಿನಲ್ಲಿ ನೂಲು ಕೊಟ್ಟು ನೇಯಿಸುವ ಮಾಲಕರಲ್ಲೂ ಎರಡು ಥರ. ಒಬ್ಬ ಕೂಲಿ ಹೆಚ್ಚು ಕೊಟ್ಟು ನಾಳೆಯೇ ಸೀರೆ ತಾ ಎಂದು ಬಾಗಿಲಿಗೆ ಬಂದು ಕೂರುತ್ತಾನೆ. ಇನ್ನೊಬ್ಬ ಕಡಿಮೆ ಕೊಟ್ಟರೂ ಮನುಷ್ಯನನ್ನು ಉಸಿರಾಡಲು ಬಿಡುತ್ತಾನೆ. ಅವಳಪ್ಪ ಆರಿಸಿಕೊಂಡದ್ದು ಎರಡನೆಯವನನ್ನೇ.

ಹೋಗಬ್ಯಾಡ್ರಿ… ಇಲ್ಲೇ ಇರ್ರಿ… ಎಂದು ಅವಳ ಎದೆ ಹೊಡೆದುಕೊಂಡಿತು. ಆದರೆ ಹೇಳಲು ತಾನು ಯಾರು? ನಾಚಿಕೆ ಬಾಯಿ ಕಟ್ಟಿತು.

"ಹೆಚ್ಚು ಕೊಡವರ ಕಡೆ ಹೋಗ್ರಿ. ಅದ್ರಾಗ ನನ್ನ ಕೇಳೂದೇನೈತಿ?"

ರಾಚಪ್ಪನ ಮುಖ ಒಂದು ಕ್ಷಣ ಬಾಡಿತು. ಆದರೂ ಅವನು ಆ ಕಂಪನಿಗೆ ಹೋಗಲಿಲ್ಲ.

ಹತ್ತಿಯ ಹಂಗಾಮು ಮುಗಿದು ವಿಮಾನ ಗಂಗಾವತಿಯ ಭತ್ತದ ಗದ್ದೆಗಳ ಕಡೆ ಹೋಯಿತು. ಅವನು ಮಾತ್ರ ಪ್ರತಿ ಅಮಾವಾಸ್ಯೆಗೆ ತಪ್ಪದೆ ಬೆಳಗಿನ ಬಸ್ಸಿಗೆ ಬಂದು ಇಳಿಯುತ್ತಿದ್ದ. ಲೋಕದ ಹುಡುಗಿಯರೆಲ್ಲ ಹುಣ್ಣಿಮೆಯ ಚಂದ್ರನನ್ನು ನೋಡಿ ನಿಟ್ಟುಸಿರು ಬಿಟ್ಟರೆ, ಸಂಗವ್ವ ಚಂದ್ರ ಸವೆಯುವುದನ್ನೇ ಕಾಯುತ್ತಿದ್ದಳು. ಅದು ಸಣ್ಣಗಾದಷ್ಟೂ ಅವಳಿಗೆ ಸಂತೋಷ!

*

ಇಂಥ ಸಂತೋಷಕ್ಕೆ ಕಣ್ಣು ಬೀಳದೆ ಇರುತ್ತದೆಯೇ?

ಅದೇ ಓಣಿಯ ಲಾಡಸಾಬ ರಾಚಪ್ಪನ ಕಂಪನಿಯಲ್ಲೇ ಜೀಪು ಓಡಿಸುತ್ತಿದ್ದ. ಒಳ್ಳೆಯ ಹುಡುಗ, ನಾಲಿಗೆ ಮಾತ್ರ ಉದ್ದ. ಒಂದು ಸಲ ಊರಿಗೆ ಬಂದಾಗ ಚಹಾದಂಗಡಿಯಲ್ಲಿ ಕೂತು ಚೇಷ್ಟೆ ಮಾಡಿದ. ತಮ್ಮ ಪೈಲಟ್ ಸಾಹೇಬ ಆಕಾಶಕ್ಕೆ ಅಂಜುವುದಿಲ್ಲವಂತೆ, ಅಮಾವಾಸ್ಯೆಗೆ ಅಂಜುತ್ತಾನಂತೆ. ಎಲ್ಲರೂ ಭಾನುವಾರ ಸೂಟಿ ಕೇಳಿದರೆ ಇವನು ಅಮಾವಾಸ್ಯೆ ಕೇಳಿ ಬರೆಸಿಕೊಂಡಿದ್ದಾನಂತೆ. ಅದನ್ನು ಕೊಡುವುದಿಲ್ಲ ಎಂದಿದ್ದಕ್ಕೆ ಎರಡರಷ್ಟು ಪಗಾರದ ಕಂಪನಿಯನ್ನೇ ಬೇಡವೆಂದನಂತೆ!

ಜನ ನಕ್ಕರು. ಕಾಶಪ್ಪ ನಗಲಿಲ್ಲ. ಅವನು ಬಸವಣ್ಣನ ಹಾದಿಯ ಮನುಷ್ಯ. ರಾಹುಕಾಲ, ಕೆಟ್ಟ ದಿನ, ಶಕುನ ಎಂದರೆ ಉರಿದು ಬೀಳುವವನು. ಅದೇ ವಾರ ಮಗಳ ವಿಷಯವಾಗಿ ಬಾಗಲಕೋಟೆಗೆ ಮಾತು ಕಳಿಸಬೇಕೆಂದು ಮನಸ್ಸಿನಲ್ಲಿ ಮಾಡಿಕೊಂಡಿದ್ದ.

ಮುಂದಿನ ಅಮಾವಾಸ್ಯೆಗೆ ರಾಚಪ್ಪ ಬಂದಾಗ ಕಾಶಪ್ಪ ಕೂರು ಎಂದೂ ಹೇಳಲಿಲ್ಲ.

"ಅಮಾಸಿ ದಿನ ನೀವು ಇಮಾನ ಹಾರಸೂದಿಲ್ಲಂತ. ಖರೆ ಏನ್ರಿ?"

"ಖರೆ ಐತ್ರಿ."

"ಆ ಸೂಟಿ ಸಲುವಾಗಿ ಹೆಚ್ಚಿನ ಪಗಾರ ಬಿಟ್ರಂತ?"

"ಅದೂ ಖರೆ."

"ಯಾಕ?"

ರಾಚಪ್ಪನ ಕಣ್ಣು ಒಳಬಾಗಿಲಿನತ್ತ ಹೋಯಿತು. ಅಲ್ಲಿ ಸಂಗವ್ವ ನಿಂತಿದ್ದಳು. ಹೇಗೆ ಹೇಳುವುದು? ಮನೆಯ ಹಿರಿಯರನ್ನು ಮುಂದಿಟ್ಟುಕೊಂಡು ಬರದೆ, ನಿಮ್ಮ ಮಗಳ ಸಲುವಾಗಿ ಎಂದು ಹೆಣ್ಣಿನ ತಂದೆಗೆ ಎದುರೆದುರು ಹೇಳುವುದು ಮರ್ಯಾದೆಯೇ? ಅವನು ತಲೆ ತಗ್ಗಿಸಿದ. ಕಾಶಪ್ಪ ಅದನ್ನೇ ಅಂಜಿಕೆ ಎಂದುಕೊಂಡ.

"ಇದು ಶರಣರ ಮನಿ. ನಮಗ ಕೆಟ್ಟ ದಿನಾ ಅನ್ನೂದ ಇಲ್ಲ. ದಿನಕ್ಕ ಅಂಜೂವರು ನಮ್ಮ ಮನಿಗೆ ಬರೂದು ಬ್ಯಾಡ."

ರಾಚಪ್ಪ ಸಂಗವ್ವನನ್ನು ನೋಡಿದ. ಅವಳು ಒಂದು ಮಾತು ಆಡಿದ್ದರೂ ಸಾಕಿತ್ತು.

ಆದರೆ ಅವಳ ಒಳಗೆ ಬೇರೆಯೇ ಬೆಂಕಿ ಹತ್ತಿತ್ತು. ನನ್ನ ಸಲುವಾಗಿ ಬರುತ್ತಾನೆ ಎಂದುಕೊಂಡಿದ್ದೆನಲ್ಲ… ಹಾರಲು ಅಂಜಿಕೆ, ಹೊತ್ತು ಹೋಗಬೇಕು, ಅದಕ್ಕೆ ನಮ್ಮ ಮನೆಯ ಕಟ್ಟೆ! ಇಷ್ಟು ದಿನ ನಾನು ಬಳಿದು, ಸಾರಿಸಿ, ಕಾದದ್ದು ಇದಕ್ಕೇನು?

ಅವಳು ತಿರುಗಿ ಒಳಗೆ ಹೋದಳು.

ಅವನು ಬಂದ ಬಸ್ಸಿಗೇ ಮರಳಿದ. ತಿಂಗಳೊಪ್ಪತ್ತಿನಲ್ಲಿ ಅವನು ಹೆಚ್ಚಿನ ಪಗಾರದ ಕಂಪನಿ ಸೇರಿದ ಸುದ್ದಿ ಬಂತು. ಲಾಡಸಾಬನೂ ಅವನ ಹಿಂದೆಯೇ ಹೋದನಂತೆ.

*

ಬೇಸಿಗೆ ಬಂತು, ಮಳೆಗಾಲ ಬಂತು. ಅಮಾವಾಸ್ಯೆಗಳು ಬಂದುಹೋದವು, ಅವನು ಬರಲಿಲ್ಲ.

ಅಂಜುಬುರುಕನನ್ನು ನೆನೆಯುವುದಿಲ್ಲ ಎಂದು ಸಂಗವ್ವ ಗಟ್ಟಿ ಮಾಡಿಕೊಂಡಿದ್ದಳು. ಆದರೂ ಆ ದಿನ ಬಂತೆಂದರೆ ನಸುಕಿನಲ್ಲೇ ಎದ್ದು ಕಟ್ಟೆ ಸಾರಿಸುತ್ತಿದ್ದಳು. ಬೆಳಗಿನ ಬಸ್ಸಿನ ಹಾರ್ನ್ ಕೇಳಿದರೆ ಕೈಯಲ್ಲಿದ್ದ ಪಾತ್ರೆ ಹಾಗೇ ನಿಲ್ಲುತ್ತಿತ್ತು. ಚಹಾಕ್ಕೆ ಒಂದು ಲೋಟ ಹೆಚ್ಚು ನೀರು ಇಟ್ಟುಬಿಡುತ್ತಿದ್ದಳು, ಆಮೇಲೆ ಯಾರಿಗೂ ಕಾಣದ ಹಾಗೆ ಅದನ್ನು ತಾನೇ ಕುಡಿಯುತ್ತಿದ್ದಳು. ಮಗ್ಗದ ಸದ್ದಿನ ದಿನಗಳನ್ನು ಹೇಗೋ ದೂಡಬಹುದಿತ್ತು. ಆ ಮೌನದ ದಿನ ಮಾತ್ರ ಜೀವ ಹಿಂಡುತ್ತಿತ್ತು.

ಮತ್ತೆ ಹತ್ತಿಯ ಹಂಗಾಮು ಬಂತು. ಒಂದು ಬೆಳಿಗ್ಗೆ ತಂದೆ ಮಗಳಿಬ್ಬರೂ ನೇಯುತ್ತಿರುವಾಗ ಲಾಡಸಾಬ ಬಾಗಿಲಲ್ಲಿ ಬಂದು ನಿಂತ. ತಾಯಿಯನ್ನು ನೋಡಲು ಬಂದಿದ್ದನಂತೆ, ಈಗಲೇ ಹೊರಡಬೇಕಂತೆ. ವಿಮಾನ ಬಾದಾಮಿಯ ಆಚೆ ಬಯಲಿನಲ್ಲಿದೆ, ನಾಳೆ ನಸುಕಿಗೆ ನಾಗಪುರದ ಕಡೆ ಹೋದರೆ ಇತ್ತ ಯಾವಾಗ ಬರುತ್ತದೋ ಗೊತ್ತಿಲ್ಲ ಎಂದ.

"ನಿಮ್ಮ ಸಾಹೇಬ ಈಗೂ ಅಮಾಸಿಗೆ ಅಂಜ್ತಾನೇನು?" ಕಾಶಪ್ಪ ವ್ಯಂಗ್ಯವಾಗಿ ಕೇಳಿದ.

ಲಾಡಸಾಬನ ಮುಖ ಸಪ್ಪಗಾಯಿತು. "ಎಲ್ಲಿ ಅಂಜಿಕಿ ಕಾಕಾ, ನಾ ಚಾಷ್ಟಿಗೆ ಅಂದಿದ್ದು. ಈಗ ಅಮಾಸಿ ದಿನಾನ ತಾನ ಮುಂದಾಗಿ ಹಾರಸ್ತಾನ. ಸುಮ್ಮ ಕುಂದ್ರಾಕ ಆಗೂದಿಲ್ಲಂತ ಅಂವಗ."

ಸಂಗವ್ವನ ಲಾಳಿ ಅರ್ಧಕ್ಕೆ ನಿಂತಿತು.

ಕಾಶಪ್ಪ ಮಾತು ತಿರುಗಿಸಲು ನೋಡಿದ. "ಇವತ್ತು ಸೆರಗಿನ ತನಕ ಮುಗಸವ್ವಾ. ನಾಳೆ ಅಮಾಸಿ, ಮಗ್ಗ ನಿಂದ್ರತೈತಿ."

"ಯಾಕ ನಿಂದ್ರತೈತಪ್ಪಾ?" ಸಂಗವ್ವ ಅಪ್ಪನ ಕಡೆ ತಿರುಗಿದಳು. "ನಮಗ ಕೆಟ್ಟ ದಿನಾ ಇಲ್ಲಲ್ಲ. ಮತ್ತ ನಾವೂ ಅಂಜ್ತೇವೇನು?"

"ಅಂಜಿಕಿ ಯಾಕವ್ವಾ? ದಿನಾ ಈ ಗದ್ದಲದಾಗ ಒಬ್ಬರ ಮಾತು ಒಬ್ಬರಿಗೆ ಕೇಳಸೂದಿಲ್ಲ. ಅದೊಂದು ದಿನಾರ ಮನಿಷಾ ಮನಿಷಾನ ಕೂಡ ಕುಂತು ಮಾತಾಡ್ಲಿ ಅಂತ ಹಿರ್ಯಾರು…"

ಕಾಶಪ್ಪನ ಕಣ್ಣು ಬಾಗಿಲಾಚೆಯ ಖಾಲಿ ಕಟ್ಟೆಯ ಮೇಲೆ ಹೋಯಿತು.

ತಂದೆ ಮಗಳು ಒಬ್ಬರನ್ನೊಬ್ಬರು ನೋಡಿದರು. ರಾಚಪ್ಪನಿಗೆ ಬೇಕಾಗಿದ್ದದ್ದು ಭಾನುವಾರವಲ್ಲ, ಹಬ್ಬವಲ್ಲ. ಈ ಮಗ್ಗ ನಿಲ್ಲುವ ದಿನ! ಅದಕ್ಕಾಗಿ ಅವನು ಎರಡರಷ್ಟು ಪಗಾರ ಬಿಟ್ಟ, ಅಂಜುಬುರುಕ ಎನ್ನಿಸಿಕೊಂಡ, ಬಾಯಿ ಬಿಡಲಿಲ್ಲ. ಮತ್ತೆ ತಾನು? ಬೆನ್ನು ತಿರುಗಿಸಿ ಒಳಗೆ ಹೋಗಿದ್ದಳು.

ಸಂಗವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಕಾಶಪ್ಪ ಮಗ್ಗದ ಕೆಳಗಿನ ಕುಣಿಯಿಂದ ಕಾಲೆತ್ತಿ ಮೇಲೆ ಬಂದ, ಗೂಟದ ಮೇಲಿನ ಟೋಪಿ ತಗೊಂಡ.

"ಏಳವ್ವಾ. ಬದಾಮಿ ಬಸ್ಸು ಹೋಗೂದ್ರಾಗ ಹೋಗೂಣು. ತಪ್ಪು ನಾ ಮಾಡೇನಿ, ನಾನ ಹೇಳ್ತೇನಿ."

ಕೆಲಸದ ದಿನ ಆ ಮನೆಯ ಎರಡೂ ಮಗ್ಗ ಒಮ್ಮೆಗೇ ನಿಂತದ್ದು ಕೇಳಿ ಓಣಿಯವರು ಹೊರಗೆ ಬಂದು ನೋಡಿದರು.

*

ಅವರು ಬಯಲು ಮುಟ್ಟಿದಾಗ ಹೊತ್ತು ಇಳಿದು ಗಾಳಿ ಬಿದ್ದಿತ್ತು. ವಿಮಾನ ಹೊಲಗಳ ಮೇಲೆ ತಗ್ಗಾಗಿ ಬಂದು ನೆಲ ಮುಟ್ಟಿತು. ಇಳಿದ ರಾಚಪ್ಪ ಅವರನ್ನು ಕಂಡು ನಿಂತಲ್ಲೇ ನಿಂತ. ಬಡವಾಗಿದ್ದ, ಕಣ್ಣ ಸುತ್ತ ಕಪ್ಪಾಗಿತ್ತು.

ಕಾಶಪ್ಪ ಎರಡು ಕೈ ಜೋಡಿಸಿದ. ತಪ್ಪಾಯಿತು ಎಂದ, ನಿಮ್ಮ ಹಿರಿಯರನ್ನು ಕಾಣಲು ಬಾಗಲಕೋಟೆಗೆ ಬರುತ್ತೇನೆ ಎಂದ. ಆಮೇಲೆ ಲಾಡಸಾಬನನ್ನು ಕರೆದುಕೊಂಡು ವಿಮಾನದ ಗಾಲಿಗಳನ್ನು ಬಹಳ ಆಸಕ್ತಿಯಿಂದ ನೋಡಲು ಹೋದ. ಗಾಲಿಯಲ್ಲಿ ನೋಡುವುದೇನಿತ್ತೋ!

ಇಬ್ಬರೇ ಉಳಿದರು.

"ಇವತ್ತು ಅಮಾಸಿ ಅಲ್ಲಲ್ಲ?" ರಾಚಪ್ಪನ ದನಿ ಒಡೆದಿತ್ತು.

"ಅಲ್ಲ. ಇನ್ನಾ ಒಂದಿನ ಐತಿ." ಸಂಗವ್ವ ಮುಖ ಎತ್ತಿದಳು. "ನನಗ ಕಾಯಾಕ ಆಗ್ಲಿಲ್ಲ."

ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳೇ ಕೇಳಿದಳು.

"ಅವತ್ತ ಯಾಕ ಬಾಯಿ ಬಿಡ್ಲಿಲ್ಲ ನೀವು?"

"ನಮ್ಮ ಅಪ್ಪನ್ನ ಕರಕೊಂಡು ಬಂದು ಕೇಳಬೇಕಂತಿದ್ದೆ. ಅಷ್ಟರಾಗ ನೀ ಒಳಗ ಹೋದಿ… ಬ್ಯಾಡಂತ ಹೇಳಿದಿ ಅನಕೊಂಡೆ."

ಮೊದಲ ಸಲ 'ನೀ' ಎಂದಿದ್ದ. ಅವಳ ಕಣ್ಣು ತುಂಬಿ ಬಂತು.

"ಯಾವ ಕಂಪನಿ ಅಂತ ಕೇಳಿದಾಗ ನಾ ಸುಳ್ಳ ಹೇಳಿದೆ. ನನಗ ಹೆಚ್ಚಿನ ರೊಕ್ಕ ಬ್ಯಾಡಾಗಿತ್ತು. ನೀವು ಬೇಕಾಗಿದ್ರಿ."

ಎಷ್ಟೋ ತಿಂಗಳ ಮೇಲೆ ರಾಚಪ್ಪನ ಮುಖದಲ್ಲಿ ನಗು ಮೂಡಿತು. ನಾಗಪುರಕ್ಕೆ ಬೇರೆ ಪೈಲಟನನ್ನು ಹುಡುಕಿಕೊಳ್ಳಿ ಎಂದು ಇವತ್ತೇ ಹೇಳುತ್ತೇನೆ, ಹಳೆಯ ಕಂಪನಿಯವರು ಇನ್ನೂ ಕರೆಯುತ್ತಿದ್ದಾರೆ ಎಂದ.

"ಆದ್ರ ಪಗಾರ ಅರ್ಧ ಆಗ್ತತಿ, ಸಂಗವ್ವಾ."

"ಆಗ್ಲಿ. ಮನಿಗೆ ಬರ್ರಿ, ಸಾಕು."

"ಯಾವತ್ತು ಬರ್ಲಿ?"

"ಯಾವತ್ತರ ಬರ್ರಿ," ಎಂದಳು ಸಂಗವ್ವ. "ನೀವು ಬಂದ ದಿನ ನಾ ಮಗ್ಗ ನಿಂದ್ರಸ್ತೇನಿ."