ಗಡಿ ದಾಟದ ಜೇನು

ಲಾರಿಯಿಂದ ಇಳಿಸಿದ ಬೈಕನ್ನು ನೋಡಿದ್ದೇ ತಡ, ನೆಲಿದಾಳ ಮೈಯೆಲ್ಲ ಉರಿದುಹೋಯಿತು. ಟ್ಯಾಂಕಿನ ಎಡಗಡೆಯ ಆ ನೆಗ್ಗು ಅವಳದೇ ಕೈಚಳಕ. ಓಡಿಸಿಯೇ ತೀರುತ್ತೇನೆಂದು ಹಟ ಹಿಡಿದು, ಜಲ್ಲಿಯಲ್ಲಿ ಜಾರಿ, ಬೈಕಿನ ಸಮೇತ ಅದರ ಒಡೆಯನ ಮೇಲೆ ಬಿದ್ದ ದಿನದ್ದು.

ಆ ಒಡೆಯ ಈಗ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಲಾರಿಯಿಂದ ಇಳಿದ. ಎಲಾದಿಯೊ. ಅರ್ಜೆಂಟೀನಾದ ಗಡಿಯಾಚೆ, ಚಿಲಿಯ ಲೊಂಕಿಮಾಯ್ ಊರಿನವನು. ಮೂರು ವರ್ಷದ ಹಿಂದೆ ಮದುವೆಯಾಗುತ್ತೇನೆಂದು ನಂಬಿಸಿ, ಗಡಿಯಲ್ಲಿ ಕಾಯಿಸಿ, ಬಾರದೇ ಹೋದವನು.

"ಚೈನ್ ತುಂಡಾಯ್ತು," ಎಂದ ಅವನು, ಅವಳ ಮುಖ ನೋಡದೆ. "ಲಾಸ್ ಲಾಹಾಸ್‌ನಲ್ಲಿ ಬೈಕಿಗೆ ಇರೋದು ಇದೊಂದೇ ಗ್ಯಾರೇಜು ಅಂದ್ರು."

"ಇನ್ನೊಂದು ಇದ್ದಿದ್ರೆ?"

"ತಳ್ಕೊಂಡಾದ್ರೂ ಅಲ್ಲಿಗೇ ಹೋಗ್ತಿದ್ದೆ."

ನೋಡಿ ಇವನ ಸೊಕ್ಕು! ತಪ್ಪು ಮಾಡಿದವನು ತಲೆ ತಗ್ಗಿಸಬೇಕು, ಇವನು ಮೂಗು ಮೇಲೆತ್ತಿಕೊಂಡು ನಿಂತಿದ್ದಾನೆ. ನೆಲಿದಾ ಸ್ಪ್ಯಾನರನ್ನು ಬಿಗಿಯಾಗಿ ಹಿಡಿದಳು. ಅದನ್ನು ಎಲ್ಲಿಗೆ ಬೀಸಬೇಕೆಂದು ಅವಳ ಕೈಗೆ ಚೆನ್ನಾಗಿ ಗೊತ್ತಿತ್ತು, ಆದರೂ ಅವಳು ಚೈನ್ ಬಿಚ್ಚುವುದಕ್ಕೆ ಕೂತಳು.

ಆ ದಿನವನ್ನು ಅವಳು ಮರೆತಿರಲಿಲ್ಲ, ಊರೂ ಮರೆಯಲು ಬಿಟ್ಟಿರಲಿಲ್ಲ. ಬಿಳಿ ಉಡುಪನ್ನು ಮಡಿಚಿ ಬೈಕಿನ ಪೆಟ್ಟಿಗೆಯಲ್ಲಿಟ್ಟುಕೊಂಡು, ಪಿನೊ ಆಚಾದೊ ಕಣಿವೆ ದಾಟಿ, ಚಿಲಿಯ ಚೌಕಿಯ ಮುಂದೆ ಕತ್ತಲಾಗುವವರೆಗೆ ನಿಂತಿದ್ದಳು. ಗೇಟು ಮುಚ್ಚುವ ಹೊತ್ತಿಗೆ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವನೇ ಅಯ್ಯೋ ಪಾಪ ಎಂದು ಸೂಪು ತಂದುಕೊಟ್ಟಿದ್ದ. ಆ ಸೂಪಿನ ಬಿಸಿ ಅವಳ ಹೊಟ್ಟೆಯಲ್ಲಿ ಇನ್ನೂ ಆರಿರಲಿಲ್ಲ. ಅಲ್ಲಿಂದ ಬಂದವಳೇ ಫೋನಿನಲ್ಲಿ ಒಂದೇ ಸಾಲು ಕಳಿಸಿದ್ದಳು, ಇನ್ನು ಜನ್ಮದಲ್ಲಿ ಮುಖ ತೋರಿಸಬೇಡ ಎಂದು. ಕಳಿಸಿ ಅವನ ನಂಬರನ್ನೇ ಬ್ಲಾಕ್ ಮಾಡಿದ್ದಳು. ಬ್ರೆಡ್ ಅಂಗಡಿಯವಳು ಮಾತ್ರ ಇವತ್ತಿಗೂ "ನಿನ್ನ ಚಿಲಿ ಗಂಡ ಹೇಗಿದಾನಮ್ಮಾ?" ಎಂದು ಕೇಳುವುದನ್ನು ಬಿಟ್ಟಿಲ್ಲ.

ಗ್ಯಾರೇಜಿಗೆ ಬಂದವರಿಗೆ ಮಾಟೆ ಎಂಬ ಸೊಪ್ಪಿನ ಬಿಸಿ ಕಷಾಯ ಕೊಡದೆ ಇರುವ ಹಾಗಿಲ್ಲ. ನೆಲಿದಾ ಕೊಟ್ಟಳು. ಬೆಳಗ್ಗೆಯಿಂದ ಸತ್ವ ಬಿಟ್ಟುಕೊಂಡು ಸಪ್ಪೆಯಾಗಿದ್ದ ಸೊಪ್ಪಿನ ಮೇಲೆ ತಣ್ಣೀರು ಹೊಯ್ದು, ಹೀರುವ ಕೊಳವೆ ಸಿಕ್ಕಿಸಿದ ಸೋರೆ ಬುರುಡೆಯನ್ನು ಅವನ ಕೈಗೆ ತುರುಕಿದಳು. ಈ ಸೀಮೆಯಲ್ಲಿ ತಣ್ಣನೆಯ ಮಾಟೆಗಿಂತ ದೊಡ್ಡ ಬೈಗುಳ ಇಲ್ಲ.

ಅವನು ಕೊಳವೆಗೆ ತುಟಿಯಿಟ್ಟ. ಹುಬ್ಬು ಗಂಟಾಯಿತು. ಇನ್ನೇನು ಥ್ಯಾಂಕ್ಸ್ ಅನ್ನುತ್ತಾನೆ, ಸಾಕು, ಇನ್ನು ಬೇಡ ಎಂದು ಮರ್ಯಾದೆಯಿಂದ ಹೇಳುವ ರೀತಿ ಅದೇ ತಾನೇ, ಎಂದು ಅವಳು ಕಾದಳು. ಅವನು ಕೊನೆಯ ಹನಿಯವರೆಗೂ ಹೀರಿ ಬುರುಡೆಯನ್ನು ವಾಪಸು ಚಾಚಿದ.

"ಇನ್ನೊಂದು ಕೊಡು."

"ಚೆನ್ನಾಗಿತ್ತಾ?"

"ಕೊಚ್ಚೆ ನೀರಿನ ಹಾಗಿತ್ತು. ಇನ್ನೂ ಎಷ್ಟು ಕೆಟ್ಟದಾಗಿ ಮಾಡ್ತೀಯಾ ನೋಡೋಣ ಅಂತ."

ಅವನ ಕಣ್ಣು ಆಗ ಮೊದಲ ಸಲ ಅವಳ ಕಣ್ಣಿಗೆ ತಾಗಿತು. ಅದೇ ಕಂದು ಕಣ್ಣು, ಬಲಗಣ್ಣಿನ ಪಕ್ಕದಲ್ಲಿ ಅದೇ ನಗೆಯ ಗೆರೆ. ಅವಳ ಎದೆ ನಾಚಿಕೆಗೆಟ್ಟು ಡವಡವ ಎಂದಿತು. ಅದಕ್ಕೂ ಸೇರಿಸಿ ಇವನಿಗೆ ಬುದ್ಧಿ ಕಲಿಸಬೇಕೆಂದು ಅವಳು ಅಲ್ಲೇ ನಿಶ್ಚಯಿಸಿದಳು.

ಒಳಗೆ ಬಂದರೆ ಚಿಕ್ಕಮ್ಮ ಒಫೇಲಿಯಾ ಕಿಟಕಿಗೆ ಅಂಟಿಕೊಂಡಿದ್ದಳು. "ಅವನೇ ತಾನೇ? ಇಳಿದುಹೋಗಿದಾನೆ ಕಣೇ. ಮೊದಲೇ ಚೆನ್ನಾಗಿದ್ದ."

"ಚಿಕ್ಕಮ್ಮಾ, ಸುಮ್ನಿರು."

ನೆಲಿದಾಳ ಕೈ ಗ್ರೀಸ್ ಡಬ್ಬಿಗಳ ಹಿಂದಕ್ಕೆ ಹೋಯಿತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಜೇನಿನ ಬಾಟಲಿ ಹೊರಗೆ ಬಂತು. ಚಿಕ್ಕಮ್ಮನ ಜೇನುಪೆಟ್ಟಿಗೆಗಳದ್ದೇ ಅದು, ಮದುವೆಗೆಂದು ಕೊಟ್ಟದ್ದು. ಹೆಣ್ಣು ಮಾಟೆಗೆ ಜೇನು ಬೆರೆಸಿ ಗಂಡಿನ ಕೈಗಿತ್ತರೆ, ನಿನ್ನನ್ನು ಕಟ್ಟಿಕೊಳ್ಳುತ್ತೇನೆ ಎಂದು ಮಾತು ಕೊಟ್ಟ ಹಾಗೆ. ಆ ಮಾತನ್ನು ಕೊಡುವ ಭಾಗ್ಯ ಬಾಟಲಿಗೆ ಬಂದಿರಲಿಲ್ಲ.

"ಇನ್ನೂ ಬಿಸಾಕಿಲ್ವೇನೇ ಅದನ್ನ?"

"ಜೇನು ಕೆಡಲ್ಲ ಚಿಕ್ಕಮ್ಮ. ನನ್ನ ಸಿಟ್ಟಿನ ಹಾಗೆ."

ಜೇನು ಚಿಲಿಯೊಳಗೆ ಹೋಗುವಂತಿಲ್ಲ. ಹೊರಗಿನ ರೋಗ ಬರುತ್ತದೆಂದು ಒಂದು ಸೇಬಿನ ಚೂರನ್ನೂ ಅಲ್ಲಿಯವರು ಬಿಡುವುದಿಲ್ಲ. ಏನೂ ಇಲ್ಲ ಎಂದು ಸಹಿ ಹಾಕಿದವನ ಪೆಟ್ಟಿಗೆಯಲ್ಲಿ ಜೇನು ಸಿಕ್ಕಿದರೆ ದಂಡ ಬೀಳುತ್ತದೆ, ಹೆಸರೂ ಕೆಡುತ್ತದೆ. ಎಲಾದಿಯೊನ ಅನ್ನವೋ, ಪ್ರವಾಸಿ ಬೈಕುಗಳನ್ನು ಗಡಿ ದಾಟಿಸುವುದರಲ್ಲೇ ಇದೆ. ಹೆಸರು ಕೆಟ್ಟ ಗೈಡನ್ನು ಯಾರು ಇಟ್ಟುಕೊಳ್ಳುತ್ತಾರೆ? ಇನ್ನು ಅವನೂ ಚೌಕಿಯ ಮುಂದೆ ಹತ್ತು ಜನರ ಎದುರು ನಿಂತು ಅಯ್ಯೋ ಪಾಪ ಅನ್ನಿಸಿಕೊಳ್ಳಲಿ.

ಅವನು ಮುಖ ತೊಳೆಯಲು ಹೋದಾಗ ಅವಳು ಬಾಟಲಿಯನ್ನು ಅವನ ಮಳೆಕೋಟಿನಲ್ಲಿ ಸುತ್ತಿ, ಬೈಕಿನ ಪೆಟ್ಟಿಗೆಯ ತಳಕ್ಕೆ ತುರುಕಿದಳು. ಕೋಟಿಗೆ ಪೆಟ್ರೋಲು ಮತ್ತು ಸೋಪಿನ ಅವನ ಹಳೆಯ ವಾಸನೆಯೇ ಇತ್ತು. ಅವಳು ಮುಚ್ಚಳವನ್ನು ಧಡ್ ಎಂದು ಹಾಕಿದಳು.

"ಚೌಕಿವರೆಗೆ ನಾನೂ ಬರ್ತೀನಿ," ಎಂದಳು ಅವನು ಬಂದಾಗ. "ಹೊಸ ಚೈನು. ದಾರೀಲಿ ಕೈಕೊಟ್ರೆ ನನ್ನ ಹೆಸರು ಹಾಳು."

"ಕೈಕೊಡೋದು ನಿಂಗೇನು ಹೊಸದಾ?"

ಯಾರು ಯಾರಿಗೆ ಹೇಳುವ ಮಾತಿದು! ತೋರಿಸುತ್ತೇನೆ ತಡಿ ಎಂದುಕೊಂಡು ತನ್ನ ಬೈಕಿನ ಕಿಕ್ ಒದ್ದಳು.

ಗಾಳಿಯೋ, ಬೈಕನ್ನು ಓರೆಯಾಗಿ ಓಡಿಸಿದರೆ ಮಾತ್ರ ನೆಟ್ಟಗೆ ಹೋಗುವಂಥ ಗಾಳಿ. ತಿರುವಿನಲ್ಲಿ ದಾರಿಹೋಕರನ್ನು ಕಾಯುವ ಸಂತ ಗೌಚಿತೊನ ಕೆಂಪು ಬಾವುಟಗಳ ಗುಡಿ ಬಂದಾಗ ಇಬ್ಬರೂ ಒಟ್ಟಿಗೆ ಹಾರ್ನ್ ಹೊಡೆದರು. ಅವನಿಗೆ ಹಾರ್ನ್ ಹೊಡೆಯುವುದನ್ನು ಕಲಿಸಿದವಳು ಅವಳೇ. ಹೊಡೆಯದೆ ಹೋದರೆ ಊರು ಮುಟ್ಟುವುದಿಲ್ಲ ಎಂದು ಹೆದರಿಸಿದ್ದಳು. ಕನ್ನಡಿಯಲ್ಲಿ ಅವನು ನಕ್ಕಿದ್ದು ಕಂಡಿತು. ಅವಳು ಕನ್ನಡಿಯನ್ನೇ ಆಚೆಗೆ ತಿರುಗಿಸಿದಳು.

ಪಾಸ್‌ಪೋರ್ಟಿಗೆ ಅರ್ಜೆಂಟೀನಾದ ಮುದ್ರೆ ಬಿತ್ತು, ಕಣಿವೆ ದಾಟಿದರು. ಚಿಲಿಯ ಚೌಕಿಯ ಮುಂದೆ ವಾಹನಗಳ ಸಾಲು ಉದ್ದಕ್ಕೆ ನಿಂತಿತ್ತು. ಗೇಟಿನಲ್ಲಿ ಕಸಕ್ಕೆ ಹಾಕುವುದಕ್ಕಿಂತ ಹೊಟ್ಟೆಗೆ ಹಾಕುವುದು ಲೇಸೆಂದು ಜನ ದಾರಿಯ ಬದಿಯಲ್ಲಿ ಕೂತು ಸೇಬು, ಪೀಚು, ಬೇಯಿಸಿದ ಮೊಟ್ಟೆಗಳನ್ನೆಲ್ಲ ಮುಗಿಸುತ್ತಿದ್ದರು. ದೂರದಲ್ಲಿ ಮೂಸುವ ನಾಯಿ ಒಂದೊಂದೇ ಕಾರಿನ ಹತ್ತಿರ ಬರುತ್ತಿತ್ತು.

ಎಲಾದಿಯೊ ಕಾಗದದಲ್ಲಿ "ಏನೂ ಇಲ್ಲ" ಎಂಬ ಕಡೆ ಗುರುತು ಹಾಕಿ ಸಹಿ ಮಾಡಿದ. ನೆಲಿದಾಳ ಹೊಟ್ಟೆ ತಣ್ಣಗಾಗಬೇಕಿತ್ತು, ಆಗಲಿಲ್ಲ.

"ಅವತ್ತು ಅಲ್ಲೂ ಇಂಥದ್ದೇ ಒಂದು ನಾಯಿ ಇತ್ತು," ಎಂದ ಅವನು. "ನನ್ನನ್ನ ನೋಡಿ ನೋಡಿ ಅದಕ್ಕೇ ಬೇಜಾರಾಗಿ ಮಲಗ್ತು. ಮದುಮಗಳು ಬರಲಿಲ್ವಾ ಅಂತ ಚೌಕಿಯವನು ನಕ್ಕ. ಅದಕ್ಕೆ ಮಾತ್ರ ನಿನ್ನ ಕ್ಷಮಿಸಲ್ಲ ನೆಲಿದಾ."

"ಅಲ್ಲಿ ಅಂದ್ರೆ ಎಲ್ಲಿ?"

"ಇಕಾಲ್ಮಾ ಕಣಿವೆಯ ಚೌಕೀಲಿ."

"ಇಕಾಲ್ಮಾಕ್ಕೆ ಯಾಕೆ ಹೋದೆ? ನಾನು ಇಲ್ಲಿ, ಇದೇ ಜಾಗದಲ್ಲಿ ಸಾಯ್ತಾ ನಿಂತಿದ್ದೆ!"

"ಹಿಮ ಬಿದ್ದು ಪಿನೊ ಆಚಾದೊ ಮುಚ್ಚಿದೆ ಅಂತ ಬೆಳಗ್ಗೆ ರೇಡಿಯೋದಲ್ಲಿ ಹೇಳಿದ್ರು. ಇದು ಮುಚ್ಚಿದ್ರೆ ಎಲ್ಲರೂ ಹೋಗೋದು ಇಕಾಲ್ಮಾಕ್ಕೇ ತಾನೇ? ನೀನೂ ಅಲ್ಲಿಗೇ ಬರ್ತೀಯ ಅಂತ ಹೋದೆ. ಮೇಲೆ ಸಿಗ್ನಲ್ ಇರ್ಲಿಲ್ಲ, ಕೆಳಗಿಳಿದು ಫೋನ್ ನೋಡಿದ್ರೆ, ಮುಖ ತೋರಿಸಬೇಡ ಅಂತ ನಿನ್ನ ಮೆಸೇಜು."

ಸುಳ್ಳು ಎಂದು ಹೇಳಲು ಅವಳು ಬಾಯಿ ತೆರೆದಳು. ಆದರೆ ಆ ಬೆಳಗ್ಗೆ ತಮ್ಮ ಕಡೆಯ ಗೇಟು ಮುಚ್ಚಿದ್ದು ಅವಳಿಗೇ ಗೊತ್ತಿತ್ತು. ಹಿಮ ತಳ್ಳುವ ಯಂತ್ರ ಮುಂದಿತ್ತು, ಈಗ ತೆಗೆಯುತ್ತಾರೆ ಎಂದು ಅವಳು ಗೇಟಿಗೇ ಅಂಟಿಕೊಂಡು ನಿಂತಿದ್ದಳು. ಮಧ್ಯಾಹ್ನ ತೆಗೆದರು, ಎಲ್ಲರಿಗಿಂತ ಮೊದಲು ದಾಟಿದ್ದಳು. ಆಚೆಯವನಿಗೆ ಅದು ಮುಚ್ಚಿದ ಗೇಟು ಎಂದು ಇಷ್ಟು ವರ್ಷ ಹೊಳೆದಿರಲೇ ಇಲ್ಲ. ಸಿಟ್ಟಿಗೆ ಅದು ಬೇಕಾಗಿರಲೂ ಇಲ್ಲ.

ಸಾಲು ಮುಂದೆ ಸರಿಯಿತು. ನಾಯಿ ಎದುರಿನ ಕಾರನ್ನು ಮೂಸಲು ತೊಡಗಿತು.

"ಪೆಟ್ಟಿಗೆ ತೆಗಿ," ಎಂದಳು ನೆಲಿದಾ. "ಬೇಗ ತೆಗಿಯೋ. ಮಳೆಕೋಟಿನೊಳಗೆ ನೋಡು."

ಅವನು ತೆಗೆದ. ಬಾಟಲಿಯನ್ನು ನೋಡಿದ, ಅವಳನ್ನು ನೋಡಿದ. ಅವನ ಮುಖ ಕಪ್ಪಿಟ್ಟಿತು.

"ನನ್ನ ಅನ್ನಕ್ಕೇ ಕೈ ಹಾಕಿದ್ಯಾ?"

"ಹಾಕಿದೆ."

"ಈಗಲೇ ಅವರನ್ನ ಕರೆದು, ಇದು ಇವಳದ್ದು ಅಂದ್ರೆ? ನೀನು ಮತ್ತೆ ಈ ಗೇಟಿನ ಕಡೆ ತಲೆ ಹಾಕೋ ಹಾಗಿಲ್ಲ."

"ಕರಿ. ನಂದೇ ಅಂತ ನಾನೂ ಹೇಳ್ತೀನಿ."

ಅವನು ಕರೆಯಲಿಲ್ಲ. ಬಾಟಲಿಯನ್ನು ಅವಳ ಕೈಗೆ ಕೊಡಲೂ ಇಲ್ಲ. ಅವಳೇ ಕಿತ್ತುಕೊಂಡು ದಾರಿಯ ಬದಿಗೆ ಹೋಗಿ ಕೂತಳು. ತನ್ನ ಬೈಕಿನ ಚೀಲದಿಂದ ಬುರುಡೆ ತೆಗೆದು ಹೊಸ ಸೊಪ್ಪು ಹಾಕಿದಳು, ಥರ್ಮಾಸಿನಿಂದ ಹಬೆಯಾಡುವ ನೀರು ಹೊಯ್ದಳು. ಮುಚ್ಚಳ ಗಟ್ಟಿಯಾಗಿತ್ತು, ಹಲ್ಲಿನಿಂದ ತಿರುಗಿಸಿದಳು. ಜೇನು ನಿಧಾನವಾಗಿ ಇಳಿಯಿತು. ಬುರುಡೆಯನ್ನು ಅವನ ಕಡೆಗೆ ಚಾಚಿದಳು.

ಅವನು ಅದನ್ನು ಮೂಸಿ ನೋಡಿದ. "ಇದಕ್ಕೇನು ಅರ್ಥ, ಗೊತ್ತಾ ನಿಂಗೆ?"

"ನಿಂಗೆ ಹೇಳಿಕೊಟ್ಟವಳೇ ನಾನು."

"ಹಾಗಾದ್ರೆ ಕಾಯಿ." ಅವನು ಕುಡಿಯದೆ ಬುರುಡೆ ಹಿಡಿದುಕೊಂಡು ಆಕಾಶ ನೋಡುತ್ತ ಕೂತ. "ಮೂರು ವರ್ಷ ಕಾಯಿಸಿದೀಯ. ಸ್ವಲ್ಪ ನೀನೂ ಕಾಯಿ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. "ಮದುವೇನಾ, ಜಗಳಾನಾ? ಮುಂದಕ್ಕೆ ಹೋಗ್ರಪ್ಪಾ!"

ಎಲಾದಿಯೊ ಕೊಳವೆಗೆ ತುಟಿಯಿಟ್ಟ. ತಳದಲ್ಲಿ ಗೊರಗೊರ ಎನ್ನುವವರೆಗೂ ಹೀರಿದ, ಕಣ್ಣು ಮಾತ್ರ ಅವಳ ಮುಖದಿಂದ ಸರಿಯಲಿಲ್ಲ. ಬುರುಡೆ ವಾಪಸು ಚಾಚಿದ. ಥ್ಯಾಂಕ್ಸ್ ಎಂದರೆ ಮುಗಿಯಿತು, ಬೈಕು ತಿರುಗಿಸಿಕೊಂಡು ಊರಿಗೆ ಹೋಗಬೇಕು, ಬ್ರೆಡ್ ಅಂಗಡಿಯವಳಿಗೆ ಮತ್ತೆ ಉತ್ತರ ಕೊಡಬೇಕು.

ಅವನು ಬಾಯಿ ಒರೆಸಿಕೊಂಡ.

"ಇನ್ನೊಂದು ಕೊಡು," ಎಂದ.

ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಅವನ ಭುಜಕ್ಕೆ ಒಂದು ಗುದ್ದಿ, ಇನ್ನೊಂದು ಸುತ್ತು ಹೊಯ್ದಳು. ಸರದಿಯಂತೆ ಕುಡಿದರು. ಉಳಿದ ಜೇನನ್ನು ಹಿಂದಿನ ಕಾರಿನವರು ಬ್ರೆಡ್ಡಿಗೆ ಸವರಿಕೊಂಡರು. ಖಾಲಿ ಬಾಟಲಿ ಗೇಟಿನ ಕಸದ ಡಬ್ಬಿಗೆ ಬಿತ್ತು.

ನಾಯಿ ಅವನ ಪೆಟ್ಟಿಗೆಯನ್ನು ಒಮ್ಮೆ ಮೂಸಿತು. ಆಮೇಲೆ ಪೆಟ್ಟಿಗೆ ಬಿಟ್ಟು, ಅವನ ಎದೆಯ ಮೇಲೆ ಕಾಲಿಟ್ಟು ನಿಂತು, ಗಡ್ಡ ಮೂಸತೊಡಗಿತು.

"ಏನು ತಿಂದಿದೀರಿ?" ಅಧಿಕಾರಿ ಅನುಮಾನದಿಂದ ಕೇಳಿದ.

"ಮದುವೆ ಊಟ ಸಾರ್," ಎಂದ ಎಲಾದಿಯೊ. "ಮೂರು ವರ್ಷ ತಡವಾಯ್ತು."

ಅಧಿಕಾರಿ ನೆಲಿದಾಳ ಕಡೆ ತಿರುಗಿದ. ಅವಳು ತುಟಿಯ ಅಂಚಿನ ಜೇನನ್ನು ಒರೆಸಿಕೊಂಡು, ಮುದ್ರೆಗೆಂದು ತನ್ನ ಪಾಸ್‌ಪೋರ್ಟನ್ನೂ ಅವನ ಪಾಸ್‌ಪೋರ್ಟಿನ ಮೇಲೆ ಇಟ್ಟಳು.